ಹೆಸರು ಇಬ್ಬರದು, ವಿಳಾಸ ಒಬ್ಬರದು

ಡೊಮೈನ್ ಹೆಸರೂ ಟ್ರೇಡ್‌ಮಾರ್ಕೇ, ಸುಪ್ರೀಂ ಕೋರ್ಟು 2004ರಲ್ಲೇ ಹೇಳಿಯಾಗಿದೆ ಎಂಬುದು ಈಗ ರೂಢಿಯ ಮಾತು. ಆಧಾರ, ಸತ್ಯಂ ಇನ್ಫೋವೇ ಪ್ರಕರಣ. ಆ ತೀರ್ಪನ್ನು ನಾನು ಮೆಚ್ಚುತ್ತೇನೆ. ಅದರಿಂದ ಹಿಂಡಿ ತೆಗೆದ ಈ ಸೂತ್ರವನ್ನು ಒಪ್ಪಲಾರೆ.

ವ್ಯಾಜ್ಯ ಶುರುವಾದದ್ದು ಬೆಂಗಳೂರಿನಲ್ಲೇ. ತನ್ನ ಹೆಸರಿನ ಅಕ್ಷರಗಳಿಂದ 'ಸಿಫಿ' ಎಂಬ ಪದ ಕಟ್ಟಿ, 1999ರಲ್ಲಿ ಅದರ ಡೊಮೈನ್‌ಗಳನ್ನು ನೋಂದಾಯಿಸಿದ್ದ ಕಂಪನಿ ಒಂದು ಕಡೆ. 2001ರಲ್ಲಿ 'ಸಿಫ್ಫಿನೆಟ್' ಎಂದು ಬಂದವರು ಇನ್ನೊಂದು ಕಡೆ. ಸಿಟಿ ಸಿವಿಲ್ ಕೋರ್ಟು ಕೊಟ್ಟ ತಡೆಯಾಜ್ಞೆಯನ್ನು ಹೈಕೋರ್ಟು ತೆಗೆದುಹಾಕಿತು, ಸುಪ್ರೀಂ ಕೋರ್ಟು ಮತ್ತೆ ಊರ್ಜಿತಗೊಳಿಸಿತು. ನ್ಯಾಯಮೂರ್ತಿ ರುಮಾ ಪಾಲ್ ಅವರದು ಅಳೆದು ತೂಗಿದ ಮಾತು: ಡೊಮೈನ್ ವಿವಾದಕ್ಕೆಂದೇ ನಮ್ಮಲ್ಲಿ ಶಾಸನವಿಲ್ಲ, ಆದರೂ ಪಾಸಿಂಗ್ ಆಫ್ (ತನ್ನ ಸರಕನ್ನು ಇನ್ನೊಬ್ಬರದೆಂದು ದಾಟಿಸುವುದು) ಕುರಿತ ಕಾನೂನಿನಡಿ ಸಾಧ್ಯವಾದ ಮಟ್ಟಿಗೆ ರಕ್ಷಣೆ ಉಂಟು. ಡೊಮೈನ್ ಹೆಸರಿಗೆ ಟ್ರೇಡ್‌ಮಾರ್ಕಿನ ಎಲ್ಲ ಲಕ್ಷಣಗಳೂ ಇರಬಹುದು ಎಂದೂ ಅವರು ಬರೆದರು, ನಿಜ. ಆ 'ಇರಬಹುದು' ನಮ್ಮ ಬಾಯಲ್ಲಿ 'ಇದೆ' ಆಗಿಬಿಟ್ಟಿತು.

ಪಾಸಿಂಗ್ ಆಫ್ ದಾವೆಗೆ ನೋಂದಣಿ ಚೀಟಿ ತೋರಿಸಿದರೆ ಸಾಲದು. ನನ್ನ ಹೆಸರಿಗೆ ಜನರಲ್ಲಿ ಬೆಲೆಯಿದೆ, ಇವನಿಂದ ಗಿರಾಕಿ ಮೋಸಹೋಗುತ್ತಾನೆ, ನನಗೆ ನಷ್ಟ ಎಂದು ಮೂರನ್ನೂ ಸಾಧಿಸಬೇಕು. ಸಿಫಿ ಗೆದ್ದದ್ದು ಹಾಗೆ.

ಫಲ ಒಂದೇ ಆದರೆ ದಾರಿಯ ಚರ್ಚೆ ಏಕೆ ಎನ್ನುವವರು 'ನಂದಿನಿ'ಯನ್ನು ನೋಡಲಿ. 1985ರಿಂದ ಕೆಎಂಎಫ್ ಆ ಹೆಸರಲ್ಲಿ ಹಾಲು ಮಾರುತ್ತಿದೆ, 1989ರಿಂದ ನಂದಿನಿ ಡಿಲಕ್ಸ್ ಎಂಬ ಬೇರೊಂದು ಸಂಸ್ಥೆ ಹೋಟೆಲು ನಡೆಸುತ್ತಿದೆ. ಹೋಟೆಲಿನ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು 'ಎಚ್' ಹೆಚ್ಚು. ಕನ್ನಡದ ಬಾಯಿಗೆ ಎರಡೂ ಒಂದೇ. 2018ರಲ್ಲಿ ಸುಪ್ರೀಂ ಕೋರ್ಟು, ಹಾಲಿನ ಪದಾರ್ಥಗಳನ್ನು ಬಿಟ್ಟು, ಹೋಟೆಲಿನವರಿಗೂ ಹೆಸರು ಉಳಿಸಿತು. ಸರಕು ಬೇರೆ, ಗೊಂದಲವಿಲ್ಲ ಎಂದಾದರೆ ಹೆಸರನ್ನು ಹಂಚಿಕೊಂಡು ಬಾಳಬಹುದು. ಟ್ರೇಡ್‌ಮಾರ್ಕ್ ಕಾನೂನಿನ ಜೀವಾಳವೇ ಅದು. ಡಾಟ್ ಕಾಮ್‌ನಲ್ಲಿ ಈ ಹಂಚಿಕೆಗೆ ಜಾಗವಿಲ್ಲ. ಒಂದು ಅಕ್ಷರಸಾಲಿಗೆ ಜಗತ್ತಿಗೆಲ್ಲ ಒಬ್ಬನೇ ಒಡೆಯ. ಹಂಚಿಕೊಳ್ಳಲು ಹುಟ್ಟಿದ ಹಕ್ಕನ್ನು ಹಂಚಲಾಗದ ವಸ್ತುವಿನ ಮೇಲೆ ಇಡಿಯಾಗಿ ಹೇರಿದರೆ, ದೊಡ್ಡ ಬ್ರ್ಯಾಂಡಿಗೆ ಕಾನೂನು ಎಂದೂ ಕೊಡದಿದ್ದ ಏಕಸ್ವಾಮ್ಯ ಸಿಗುತ್ತದೆ.

ವಿಳಾಸವನ್ನು ವಂಚನೆಗೆ ಬಳಸಿದವನನ್ನು ಕಾನೂನು ಹಿಡಿಯಲಿ. ಪ್ರಾಮಾಣಿಕವಾಗಿ ಮೊದಲು ಬಂದವನನ್ನು ಎಬ್ಬಿಸಲು ಟ್ರೇಡ್‌ಮಾರ್ಕ್ ಪ್ರಮಾಣಪತ್ರವೊಂದೇ ಸಾಲದು. ಡೊಮೈನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್‌ನ 1999ರ ವಿವಾದ ನೀತಿಯೂ ದುರುದ್ದೇಶ ಸಾಬೀತಾಗದೆ ಡೊಮೈನನ್ನು ಕಿತ್ತುಕೊಡುವುದಿಲ್ಲ.