ಸಭಾಪಾಲಕನ ಮನೆ: ಹರ್ಬರ್ಟ್ ಮತ್ತು ಬ್ಯಾಕ್ಸ್‌ಟರರ ಕೃತಿಗಳ ಒಂದು ಮರುಓದು

ಸಭಾಪಾಲಕನ ದಿನನಿತ್ಯದ ಬದುಕನ್ನು ಕುರಿತ ಬರಹಗಳಲ್ಲಿ ಜಾರ್ಜ್ ಹರ್ಬರ್ಟರ ‘ದ ಕಂಟ್ರಿ ಪಾರ್ಸನ್’ ಗಾತ್ರದಲ್ಲಿ ಚಿಕ್ಕದು, ಪ್ರಭಾವದಲ್ಲಿ ದೊಡ್ಡದು. ಒಟ್ಟು 37 ಅಧ್ಯಾಯಗಳು. ಅವುಗಳಲ್ಲಿ ಹಲವು ಎರಡು ಮೂರು ಪುಟಗಳನ್ನು ಮೀರುವುದಿಲ್ಲ. ಬೋಧನೆ, ಪ್ರಾರ್ಥನೆ, ರೋಗಿಗಳ ಭೇಟಿ, ವ್ಯಾಜ್ಯ ತೀರ್ಮಾನ, ಊಟೋಪಚಾರ, ಮನೆವಾರ್ತೆ, ನಗು, ಜನರ ತಿರಸ್ಕಾರ ಎಲ್ಲಕ್ಕೂ ಅಲ್ಲಿ ಸ್ಥಳವಿದೆ. ಸಭಾಪಾಲನೆಯ ಪಾಠ ಹೇಳುವವರು ಈ ಪುಸ್ತಕವನ್ನು ವಿದ್ಯಾರ್ಥಿಗಳ ಕೈಗೆ ಕೊಡುವುದು ಸಹಜವೇ ಆಗಿದೆ. ನಾವೂ ಕೊಟ್ಟಿದ್ದೇವೆ, ಇನ್ನು ಮುಂದೆಯೂ ಕೊಡುತ್ತೇವೆ. ಆದರೆ ಅದರ ಒಂಬತ್ತು ಮತ್ತು ಹತ್ತನೆಯ ಅಧ್ಯಾಯಗಳನ್ನು ಬೇರೊಂದು ಪುಸ್ತಕದ ಜೊತೆಯಿಲ್ಲದೆ ಓದಿಸಬಾರದು ಎಂಬ ನಿಲುವಿಗೆ ನಾವು ಬಂದಿದ್ದೇವೆ. ಆ ನಿಲುವಿನ ಕಾರಣಗಳನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಕೃತಿಯ ಸ್ವರೂಪವನ್ನು ಗಮನಿಸಬೇಕು. ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಅಧಿಕೃತ ಭಾಷಣಕಾರರಾಗಿದ್ದ, ರಾಜಾಸ್ಥಾನದ ಪದವಿಗಳ ಹತ್ತಿರದಲ್ಲಿ ಸುಳಿದಾಡಿದ ಹರ್ಬರ್ಟರು 1630ರಲ್ಲಿ ಸಾಲ್ಸ್‌ಬರಿಯ ಬಳಿಯ ಬೆಮರ್ಟನ್ ಎಂಬ ಸಣ್ಣ ಸಭೆಗೆ ಬಂದರು. 1633ರ ಮಾರ್ಚ್ ತಿಂಗಳ ಮೊದಲ ದಿನ, 39ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಅಲ್ಲಿ ಅವರ ಸೇವೆ ಮೂರು ವರ್ಷವೂ ತುಂಬಲಿಲ್ಲ. ಈ ಪುಸ್ತಕದ ಮುನ್ನುಡಿಗೆ 1632 ಎಂಬ ವರ್ಷವಿದೆ, ಅಚ್ಚಾದದ್ದು 1652ರಲ್ಲಿ. ತಾನು ಗುರಿಯಿಟ್ಟು ಹೊಡೆಯಲು ಒಂದು ಗುರುತು ಬೇಕು, ಆ ಗುರುತನ್ನು ಸಾಧ್ಯವಾದಷ್ಟು ಎತ್ತರದಲ್ಲಿ ಇಟ್ಟುಕೊಂಡಿದ್ದೇನೆ ಎಂಬ ಅರ್ಥದ ಮಾತನ್ನು ಮುನ್ನುಡಿಯಲ್ಲಿ ಅವರೇ ಹೇಳಿದ್ದಾರೆ. ಅಂದರೆ ಇದು ದಿನಚರಿಯಲ್ಲ, ಅನುಭವದ ವರದಿಯೂ ಅಲ್ಲ. ಹೊಸದಾಗಿ ಸೇವೆಗಿಳಿದವರೊಬ್ಬರು ತಮಗಾಗಿ ಬರೆದುಕೊಂಡ ಆದರ್ಶಚಿತ್ರ. ಇಲ್ಲಿ ‘ನಾನು’ ಇಲ್ಲ. ಎಲ್ಲ ಕಡೆಯೂ ‘ಸಭಾಪಾಲಕನು ಹೀಗೆ ಮಾಡುತ್ತಾನೆ’ ಎಂಬ ಪ್ರಥಮ ಪುರುಷದ ವರ್ತಮಾನಕಾಲ. ಈ ವ್ಯಾಕರಣದಲ್ಲಿ ಸೋಲಿಗೆ ಎಡೆಯಿಲ್ಲ. ಸಭಾಪಾಲಕನು ಆಯಾಸಗೊಂಡು ಭೇಟಿಯನ್ನು ತಪ್ಪಿಸಿದನು ಎಂಬ ವಾಕ್ಯವನ್ನು ಈ ಪುಸ್ತಕದಲ್ಲಿ ಬರೆಯಲಾಗದು.

ಆದರ್ಶಚಿತ್ರವಾದರೂ ಅದು ಗಾಳಿಯಲ್ಲಿ ಬರೆದದ್ದಲ್ಲ. ವಾರದ ದಿನಗಳ ಮಧ್ಯಾಹ್ನ ಸಭಾಪಾಲಕನು ಜನರ ಮನೆಗಳಿಗೆ ಹೋಗುವ ಅಧ್ಯಾಯವನ್ನು ನೋಡಿ. ಭಾನುವಾರ ಜನರು ತಮ್ಮನ್ನು ಸಿದ್ಧಪಡಿಸಿಕೊಂಡು ಬರುತ್ತಾರೆ. ವಾರದ ನಡುವೆ ಹೋದರೆ ತಮ್ಮ ಕೆಲಸಕಾರ್ಯಗಳಲ್ಲಿ ಮುಳುಗಿದ ನಿಜರೂಪದಲ್ಲಿ ಸಿಗುತ್ತಾರೆ ಎಂಬುದು ಹರ್ಬರ್ಟರ ಗ್ರಹಿಕೆ. ತೀರ ಬಡವರ ಗುಡಿಸಲಿಗೂ, ಬಾಗಿ ನುಸುಳಬೇಕಾಗಿ ಬಂದರೂ, ಒಳಗೆ ದುರ್ವಾಸನೆಯಿದ್ದರೂ ಹೋಗಲು ಆತನು ಹೇಸುವುದಿಲ್ಲ. ಏಕೆಂದರೆ ದೇವರು ಅಲ್ಲಿಯೂ ಇದ್ದಾನೆ. ಬಡವರ ಮನೆಗೆ ಹೋಗುವುದರಿಂದ ಅವರಿಗಾಗುವ ಸಮಾಧಾನ ಹೆಚ್ಚು, ಪಾಲಕನಿಗಾಗುವ ದೀನತೆಯೂ ಹೆಚ್ಚು ಎಂದು ಅವರು ಸೇರಿಸುತ್ತಾರೆ. ಬಯಲುಸೀಮೆಯ ಹಳ್ಳಿಗಳಲ್ಲಿ, ಮಲೆನಾಡಿನ ಕಾಫಿತೋಟಗಳ ಲೈನುಮನೆಗಳಲ್ಲಿ ಸೇವೆ ಮಾಡಿದ ಯಾವ ಪಾದ್ರಿಯೂ ಈ ಮಾತನ್ನು ಪುಸ್ತಕದ ಮಾತೆಂದು ತಳ್ಳಿಹಾಕಲಾರರು. ಪ್ರಸಂಗ ಒಂದು ಗಂಟೆಯನ್ನು ಮೀರಬಾರದು ಎಂಬ ಸೂಚನೆಯೂ ಅಲ್ಲಿದೆ. ನಮ್ಮಲ್ಲಿ ಕೆಲವರಿಗೆ ಅದು ಈಗಲೂ ಅಗತ್ಯವಾಗಿದೆ.

ಇನ್ನು ಮನೆಯ ವಿಚಾರ. ಒಂಬತ್ತನೆಯ ಅಧ್ಯಾಯದಲ್ಲಿ ಹರ್ಬರ್ಟರು ವಿವಾಹಕ್ಕಿಂತ ಬ್ರಹ್ಮಚರ್ಯವೇ ಉನ್ನತ ಸ್ಥಿತಿ ಎಂದು ಆರಂಭಿಸುತ್ತಾರೆ. ಆದರೂ ಸಭೆಯ ಸ್ಥಿತಿಗತಿಯನ್ನು ನೋಡಿ ಪಾಲಕನು ಮದುವೆಯಾಗಬಹುದು. ಆಗ ಹೆಂಡತಿಯನ್ನು ಕಣ್ಣಿನಿಂದಲ್ಲ, ಕಿವಿಯಿಂದ ಆರಿಸಿಕೊಳ್ಳುತ್ತಾನೆ. ಅಂದರೆ ಆಕೆಯ ಒಳ್ಳೆಯ ಹೆಸರನ್ನು ಕೇಳಿ ತಿಳಿದು. (ಹರ್ಬರ್ಟರ ಮೊದಲ ಜೀವನಚರಿತ್ರಕಾರರಲ್ಲಿ ಪ್ರಸಿದ್ಧರಾದ ಐಸಾಕ್ ವಾಲ್ಟನ್ನರು ಹೇಳುವ ಪ್ರಕಾರ, ಹರ್ಬರ್ಟರ ಗುಣಗಾನವನ್ನು ತಂದೆಯ ಬಾಯಿಂದ ಕೇಳಿ ಕೇಳಿಯೇ ಜೇನ್ ಡ್ಯಾನ್ವರ್ಸ್ ಅವರನ್ನು ಕಾಣುವ ಮೊದಲೇ ಒಲಿದಿದ್ದರು, ಮೊದಲ ಭೇಟಿಯ ಮೂರನೆಯ ದಿನ ಮದುವೆಯಾಯಿತು. ಹಾಗಿದ್ದಲ್ಲಿ ಕಿವಿಯಿಂದ ಆರಿಸಿದವರು ಪಾದ್ರಿಯಲ್ಲ, ಪಾದ್ರಿಯ ಪತ್ನಿ. ವಾಲ್ಟನ್ನರು ಬರೆದದ್ದು 1670ರಲ್ಲಿ, ಹರ್ಬರ್ಟರು ತೀರಿದ 37 ವರ್ಷಗಳ ಮೇಲೆ; ಕಥೆಗೆ ಅವರ ಕೈಯ ಒಪ್ಪ ಸೇರಿರಬಹುದು.) ಮದುವೆಯಾದ ಮೇಲೆ ಪಾಲಕನು ಆಕೆಗೆ ಸೇವಕರ ಎದುರಿಗೂ ಇತರರ ಎದುರಿಗೂ ಗೌರವ ಕೊಡುತ್ತಾನೆ, ಮನೆಯ ಆಡಳಿತದ ಅರ್ಧವನ್ನು ಬಿಟ್ಟುಕೊಡುತ್ತಾನೆ. ಹದಿನೇಳನೆಯ ಶತಮಾನದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಮುಂದಿನ ಮಾತಿನಲ್ಲಿ ಲಗಾಮನ್ನು ಪೂರ್ತಿ ಬಿಡುವುದಿಲ್ಲ: ಆಗಾಗ ಹೇಗೆ ನಡೆಯುತ್ತಿದೆ ಎಂದು ನೋಡುತ್ತಾನೆ, ಲೆಕ್ಕ ಕೇಳುತ್ತಾನೆ, ಆದರೆ ಲೆಕ್ಕ ಕೇಳುವ ರೀತಿಯಲ್ಲಿ ಕೇಳುವುದಿಲ್ಲ. ಎಷ್ಟು ಸಲ ಕೇಳಬೇಕೆಂಬುದು ಆಕೆಯ ವಿವೇಕದ ಬಗ್ಗೆ ಆತನಿಗಿರುವ ತೃಪ್ತಿಯನ್ನು ಅವಲಂಬಿಸಿದೆ.

ಈ ವಾಕ್ಯದ ಬಳಿ ನಾವು ನಿಲ್ಲಬೇಕು. ಲೆಕ್ಕವೆಂದು ತೋರದಂತೆ ಲೆಕ್ಕ ಕೇಳುವ ಚಾತುರ್ಯವನ್ನು ಹರ್ಬರ್ಟರು ಬೇರೆ ಅಧ್ಯಾಯಗಳಲ್ಲಿ ಸಭಿಕರ ಮೇಲೆ ಪ್ರಯೋಗಿಸುತ್ತಾರೆ. ಇಲ್ಲಿ ಅದೇ ಚಾತುರ್ಯ ಪತ್ನಿಯ ಮೇಲೆ ಪ್ರಯೋಗವಾಗಿದೆ. ಪಾಲಕನಿಗೆ ಮನೆ ಸಭೆಯ ಮತ್ತೊಂದು ಕೋಣೆಯಾಗಿಬಿಟ್ಟಿದೆ. ಹತ್ತನೆಯ ಅಧ್ಯಾಯ ಅದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಹೆಂಡತಿಯಲ್ಲಿ ಮೂರು ಗುಣಗಳು ಬೇಕು: ಮಕ್ಕಳನ್ನೂ ಸೇವಕಿಯರನ್ನೂ ದೇವಭಯದಲ್ಲಿ ಬೆಳೆಸುವುದು, ಹುಣ್ಣು ಗಾಯಗಳಿಗೆ ತನ್ನ ಕೈಯಿಂದಲೇ ಆರೈಕೆ ಮಾಡುವುದು, ಕೊರತೆಯೂ ಸಾಲವೂ ಬಾರದಂತೆ ಮನೆವಾರ್ತೆ ನಡೆಸುವುದು. ಮೂರೂ ದುಡಿಮೆಗಳೇ, ಪಾಲಕನ ಸಂಗಾತಿಯಾಗಿ ಆಕೆ ಏನು ಎಂಬುದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. ಮಕ್ಕಳು ಕಾಯಿಲೆಯ ಮಕ್ಕಳನ್ನು ನೋಡಿಬರುತ್ತಾರೆ, ಬಡವರಿಗೆ ದಾನ ಒಯ್ಯುತ್ತಾರೆ. ಕೊಡುವುದರ ಸಂತೋಷವನ್ನು ಅವರೇ ಅರಿಯಲೆಂದು ಕೆಲವೊಮ್ಮೆ ಅವರ ಕೈಗೇ ಹಣ ಕೊಡಲಾಗುತ್ತದೆ. ಇದು ಬಹು ಚೆಲುವಾದ ವಿವರ, ನಾವು ಮೆಚ್ಚುತ್ತೇವೆ. ಆದರೆ ಆ ಮನೆಯಲ್ಲಿ ಎಲ್ಲರೂ ಒಂದೋ ಕಲಿಸುವವರು ಇಲ್ಲವೇ ಕಲಿಯುವವರು. ಗೋಡೆಗಳೂ ಸುಮ್ಮನಿರುವುದಿಲ್ಲ, ಅವುಗಳ ಮೇಲೆಯೂ ವಾಕ್ಯಗಳನ್ನು ಬರೆದಿದೆ. ಓದುಗನಿಗೆ ಕೇಳಬೇಕೆನಿಸುತ್ತದೆ: ಈ ಮನೆಯಲ್ಲಿ ಒಬ್ಬ ಮಗು ಸುಮ್ಮನೆ ಕೂತು ಅಳಲು ಎಲ್ಲಿ ಹೋಗಬೇಕು?

ಹರ್ಬರ್ಟ್ ದಂಪತಿಗಳಿಗೆ ಮಕ್ಕಳಿರಲಿಲ್ಲ. ತಂದೆತಾಯಿಯನ್ನು ಕಳೆದುಕೊಂಡ ಸೋದರಸಂಬಂಧದ ಹೆಣ್ಣುಮಕ್ಕಳನ್ನು ಅವರು ಸಾಕಿದರು. ಇದನ್ನು ಹೇಳುವುದು ಅವರ ಮಾತನ್ನು ಅಲ್ಲಗಳೆಯಲಿಕ್ಕಲ್ಲ. ಅವರ ಬದುಕಿನಲ್ಲಿ ಪುಸ್ತಕಕ್ಕಿಂತ ಹೆಚ್ಚಿನ ಮೃದುತ್ವವಿತ್ತೆಂದು ನಂಬಲು ಇದು ಕಾರಣವಾಗುತ್ತದೆ. ಆದರೆ ಪರಂಪರೆಗೆ ಬಂದದ್ದು ಬದುಕಲ್ಲ, ಪುಸ್ತಕ.

ಮತ್ತು ಪುಸ್ತಕ ನಮ್ಮವರೆಗೂ ಬಂದಿದೆ, ಓದದವರ ಬಳಿಗೂ. 1 ತಿಮೊಥೆಯ 3ನೆಯ ಅಧ್ಯಾಯದ 4 ಮತ್ತು 5ನೆಯ ವಚನಗಳಲ್ಲಿ ಅಪೊಸ್ತಲನು ಸ್ವಂತ ಮನೆಯನ್ನು ನಡೆಸಲಾರದವನು ದೇವರ ಸಭೆಯನ್ನು ಹೇಗೆ ಪರಾಮರಿಸುವನೆಂದು ಕೇಳುತ್ತಾನೆ. ಅದು ಪಾಲಕನಿಗೆ ಕೇಳಿದ ಪ್ರಶ್ನೆ. ನಮ್ಮ ಸಭೆಗಳಲ್ಲಿ ಅದನ್ನು ಪಾಲಕನ ಹೆಂಡತಿಗೂ ಮಕ್ಕಳಿಗೂ ಕೇಳಲಾಗುತ್ತದೆ. ಪಾರ್ಸನೇಜಿನ ಬಾಗಿಲು ಯಾವಾಗಲೂ ತೆರೆದಿರಬೇಕು. ಅಮ್ಮನವರು ಸ್ತ್ರೀಯರ ಅನ್ಯೋನ್ಯಕೂಟವನ್ನು ನಡೆಸಬೇಕು, ಸಂಡೇಸ್ಕೂಲಿನಲ್ಲಿ ಕಲಿಸಬೇಕು, ಗಾಯನವೃಂದದಲ್ಲಿ ಹಾಡಬೇಕು, ಬಂದವರಿಗೆ ಕಾಫಿ ಕೊಡಬೇಕು, ವರ್ಗಾವಣೆಯ ಪತ್ರ ಬಂದಾಗ ತಾನು ಮಾಡುತ್ತಿದ್ದ ಕೆಲಸವನ್ನು ಬಿಟ್ಟು ಪಾತ್ರೆಪಗಡ ಕಟ್ಟಬೇಕು. ಇದಕ್ಕೆ ಸಂಬಳವಿಲ್ಲ, ನೇಮಕಪತ್ರವಿಲ್ಲ. ತಪ್ಪಿದರೆ ಪಾಸ್ಟರೇಟ್ ಕಮಿಟಿಯಲ್ಲಿ ಮಾತು ಮಾತ್ರ ಇದೆ. ಇಂದು ಸ್ತ್ರೀಯರೂ ದೀಕ್ಷೆ ಪಡೆದು ಸಭಾಪಾಲಕರಾಗಿದ್ದಾರೆ. ಅವರ ಗಂಡಂದಿರು ಅನ್ಯೋನ್ಯಕೂಟ ನಡೆಸಲಿ, ಬಂದವರಿಗೆ ಕಾಫಿ ಮಾಡಲಿ ಎಂದು ಯಾವ ಸಭೆಯೂ ಕೇಳಿದ್ದನ್ನು ನಾವು ಕಂಡಿಲ್ಲ. ಆ ನಿರೀಕ್ಷೆ ವೇದವಾಕ್ಯದಿಂದ ಬಂದದ್ದಾಗಿದ್ದರೆ ಅದು ಅವರಿಗೂ ಅನ್ವಯಿಸಬೇಕಿತ್ತು.

ನಾವು ಜೊತೆಗಿಡಬೇಕೆನ್ನುವ ಪುಸ್ತಕ ರಿಚರ್ಡ್ ಬ್ಯಾಕ್ಸ್‌ಟರರದು. ಅವರ ‘ದ ರಿಫಾರ್ಮ್ಡ್ ಪಾಸ್ಟರ್’ ಅಲ್ಲ. 1656ರ ಆ ಪ್ರಸಿದ್ಧ ಕೃತಿಯನ್ನು ಸೆಮಿನರಿಗಳಲ್ಲಿ ಎಲ್ಲರೂ ಬಲ್ಲರು. ಕಿಡ್ಡರ್‌ಮಿನ್‌ಸ್ಟರಿನಲ್ಲಿ 800ಕ್ಕೂ ಹೆಚ್ಚು ಕುಟುಂಬಗಳಿದ್ದ ಸಭೆಯನ್ನು ಬ್ಯಾಕ್ಸ್‌ಟರರೂ ಅವರ ಸಹಾಯಕರೂ ಸೋಮವಾರ ಮತ್ತು ಮಂಗಳವಾರಗಳಲ್ಲಿ, ವಾರಕ್ಕೆ 15-16 ಕುಟುಂಬಗಳಂತೆ, ಒಂದೊಂದಾಗಿ ಕರೆದು ಪ್ರಶ್ನೋತ್ತರ ಬೋಧಿಸಿದ ಕಥೆ ಅದರಲ್ಲಿದೆ. ಆಗ ಅವರು ಅವಿವಾಹಿತರು. ಸಭೆಯ ಜನರನ್ನೇ ಮಕ್ಕಳಂತೆ ಭಾವಿಸಲು ಒಂಟಿ ಬದುಕು ತನಗೆ ಅನುಕೂಲವಾಯಿತೆಂದು ಆತ್ಮಕಥನದಲ್ಲಿ ಅವರೇ ನೆನೆಯುತ್ತಾರೆ. ಅಂಥ ಪರಿಶ್ರಮ ಇಬ್ಬರು ಮಕ್ಕಳಿರುವ ಯುವ ಪಾದ್ರಿಗೆ ಮಾದರಿಯಾದಾಗ ಮನೆಯಲ್ಲಿ ಏನಾಗುತ್ತದೆಂಬುದಕ್ಕೆ ಆ ಪುಸ್ತಕದಲ್ಲಿ ಉತ್ತರವಿಲ್ಲ.

ಉತ್ತರವಿರುವುದು 1681ರ ಸಣ್ಣ ಪುಸ್ತಕವೊಂದರಲ್ಲಿ. 1662ರಲ್ಲಿ, ಸಭಾಸೇವೆಯಿಂದ ಹೊರದೂಡಲ್ಪಟ್ಟ ವರ್ಷವೇ, ಬ್ಯಾಕ್ಸ್‌ಟರರು ತಮಗಿಂತ ಇಪ್ಪತ್ತು ವರ್ಷಕ್ಕೂ ಚಿಕ್ಕವರಾದ ಮಾರ್ಗರೆಟ್ ಚಾರ್ಲ್ಟನ್ ಎಂಬವರನ್ನು ಮದುವೆಯಾದರು. ಆಕೆ 1681ರ ಜೂನ್‌ನಲ್ಲಿ ತೀರಿಕೊಂಡರು. ಅದೇ ವರ್ಷ, ದುಃಖದ ಬಿಸಿಯಲ್ಲೇ, ಬ್ಯಾಕ್ಸ್‌ಟರರು ಆಕೆಯ ಜೀವನದ ಸಂಕ್ಷಿಪ್ತ ವೃತ್ತಾಂತವನ್ನು ಪ್ರಕಟಿಸಿದರು. ಅದರಲ್ಲಿ ಮದುವೆಗೆ ಮೊದಲು ತಾವು ಹಾಕಿದ ಷರತ್ತುಗಳನ್ನು ಮುಚ್ಚಿಡದೆ ಬರೆದಿದ್ದಾರೆ. ಆಕೆಯ ಆಸ್ತಿಯಲ್ಲಿ ತನಗೇನೂ ಬೇಡ. ತನ್ನನ್ನು ವ್ಯಾಜ್ಯಗಳಿಗೆ ಸಿಲುಕಿಸದಂತೆ ಆಕೆ ತನ್ನ ವ್ಯವಹಾರವನ್ನು ಸರಿಪಡಿಸಿಕೊಳ್ಳಬೇಕು. ಮತ್ತು ಸೇವೆಗೆ ಬೇಕಾದ ತನ್ನ ಸಮಯದಲ್ಲಿ ಆಕೆ ಪಾಲು ಬಯಸಬಾರದು. ಮೂರನೆಯ ಷರತ್ತನ್ನು ಹಾಕದೆಯೇ ಅದರಂತೆ ನಡೆದುಕೊಂಡವರು ನಮ್ಮಲ್ಲಿ ಎಷ್ಟು ಮಂದಿ!

ಆಕೆ ಒಪ್ಪಿದರು. 1669ರಲ್ಲಿ ಗಂಡನು ಸೆರೆಮನೆಗೆ ಹೋದಾಗ ತಾವೂ ಜೊತೆಗೆ ಹೋಗಿ ಉಳಿದರು. ಲಂಡನ್ನಿನಲ್ಲಿ ಆತನು ಬೋಧಿಸಲು ಸ್ಥಳಗಳನ್ನು ಏರ್ಪಡಿಸಲು ದುಡಿದರು. ಆದರೆ ಬ್ಯಾಕ್ಸ್‌ಟರರ ಬರಹದ ಬೆಲೆ ಈ ತ್ಯಾಗಗಳ ವರ್ಣನೆಯಲ್ಲಿಲ್ಲ; ಅಂಥದನ್ನು ಶವಸಂಸ್ಕಾರದ ಪ್ರಸಂಗಗಳಲ್ಲಿ ನಾವೆಲ್ಲರೂ ಮಾಡುತ್ತೇವೆ. ಆಕೆ ತಮ್ಮ ಬಗ್ಗೆ ಏನು ಯೋಚಿಸಿದರೆಂಬುದನ್ನು ಅವರು ದಾಖಲಿಸಿದ್ದಾರೆ. ಮನಸ್ಸಾಕ್ಷಿಯ ತೊಡಕುಗಳಲ್ಲಿ, ಗುಟ್ಟಾಗಿಡಬೇಕಾದವನ್ನು ಬಿಟ್ಟು, ಆಕೆಯ ಅಭಿಪ್ರಾಯ ಕೇಳುತ್ತಿದ್ದರು. ಅನೇಕ ದೈವಶಾಸ್ತ್ರಜ್ಞರಿಗಿಂತ ಆಕೆಯ ತೀರ್ಮಾನ ಮೇಲಾಗಿತ್ತು ಎನ್ನುತ್ತಾರೆ. ತಾವು ದುಡುಕಿ ಮಾತಾಡಿದಾಗ ಆಕೆ ತಿದ್ದುತ್ತಿದ್ದರು. ತನ್ನೊಡನೆ ಧಾರ್ಮಿಕ ಸಂಭಾಷಣೆಗೆ, ಮನೆಯವರ ಬೋಧನೆಗೆ ಗಂಡನು ಇನ್ನೂ ಹೆಚ್ಚು ಸಮಯ ಕೊಡಬೇಕಿತ್ತೆಂದು ಆಕೆ ಬಯಸಿದ್ದರು. ಪುಸ್ತಕಗಳು ಕಡಿಮೆಯಾಗಬೇಕಿತ್ತು, ಬರೆದವು ಇನ್ನೂ ಚೆನ್ನಾಗಿರಬೇಕಿತ್ತು ಎಂದೂ ಆಕೆಗೆ ಅನಿಸಿತ್ತು. ವಾರಕ್ಕೆ 15-16 ಕುಟುಂಬಗಳಿಗೆ ಬೋಧಿಸಿದ್ದ ಮನುಷ್ಯನ ಮನೆಯಲ್ಲೇ ಬೋಧನೆಗಾಗಿ ಒಬ್ಬರು ಕಾದಿದ್ದರು.

ಹರ್ಬರ್ಟರ ಪುಟಗಳಲ್ಲಿ ಲೆಕ್ಕ ಕೇಳುವವನು ಪಾಲಕ. ಬ್ಯಾಕ್ಸ್‌ಟರರ ಪುಟಗಳಲ್ಲಿ ಲೆಕ್ಕ ಕೇಳಿದ್ದು ಹೆಂಡತಿ. ಅದನ್ನು ಪಾಲಕನು ತನ್ನ ಕೈಯಿಂದಲೇ ಬರೆದು ಅಚ್ಚಿಗೆ ಕೊಟ್ಟಿದ್ದಾನೆ. ನಾಯಕತ್ವದ ಬಗ್ಗೆ ಇಂದು ಸಭೆಗಳಲ್ಲಿ ಮಾರಾಟವಾಗುವ ಕೈಪಿಡಿಗಳ ರಾಶಿಯಲ್ಲಿ ಇಂಥ ಒಂದು ಪುಟ ಸಿಗುವುದು ಕಷ್ಟ.

ಒಂದು ಆಕ್ಷೇಪಣೆಯನ್ನು ನಾವು ಲಘುವಾಗಿ ತಳ್ಳುವುದಿಲ್ಲ. ಮನೆಯ ಮಾತನ್ನು ಹೊರಗೆ ಹಾಕುವುದು ಮನೆಯವರಿಗೆ ನ್ಯಾಯವೇ? ಪ್ರಸಂಗದಲ್ಲಿ ಮಗಳ ಹಟವನ್ನು ದೃಷ್ಟಾಂತ ಮಾಡಿ, ಸಭೆಯನ್ನು ನಗಿಸಿ, ಮುಂದಿನ ಸಾಲಿನಲ್ಲಿ ತಲೆತಗ್ಗಿಸಿ ಕೂತ ಆ ಹುಡುಗಿಯನ್ನು ನೋಡದೆ ಮುಂದುವರಿಯುವ ಪಾಲಕರನ್ನು ನಾವು ಬಲ್ಲೆವು. ನಮ್ಮ ನಡುವೆ ಹಾಗೆ ಮಾಡಿದವರೂ ಇದ್ದೇವೆ. ತಪ್ಪೊಪ್ಪಿಗೆಯೂ ಪ್ರದರ್ಶನವಾಗಬಲ್ಲದು. ಬ್ಯಾಕ್ಸ್‌ಟರರನ್ನೂ ಈ ಶಂಕೆಯಿಂದ ಪೂರ್ತಿ ಬಿಡಿಸಲಾಗದು: ಅವರು ಬರೆದದ್ದು ಆಕೆ ತೀರಿದ ಮೇಲೆ, ಆಕೆ ಅದನ್ನು ಓದಿ ತಿದ್ದುವ ಹಾಗಿರಲಿಲ್ಲ. ಆದರೆ ದೃಷ್ಟಾಂತ ಹೇಳುವ ಪಾಲಕನ ಕಥೆಯಲ್ಲಿ ಎಡವಿದವಳು ಮಗಳು, ಬ್ಯಾಕ್ಸ್‌ಟರರ ಕಥೆಯಲ್ಲಿ ಎಡವಿದವರು ಬ್ಯಾಕ್ಸ್‌ಟರರೇ. ಈ ವ್ಯತ್ಯಾಸವನ್ನು ಗುರುತಿಸಲು ವಿದ್ಯಾರ್ಥಿಗಳಿಗೆ ಕಲಿಸಬೇಕು.

ಆದುದರಿಂದ ಅಂತಿಮ ವರ್ಷದ ತರಗತಿಯಲ್ಲಿ ಹರ್ಬರ್ಟರ ಒಂಬತ್ತು, ಹತ್ತನೆಯ ಅಧ್ಯಾಯಗಳನ್ನು ಓದಿಸುವ ವಾರವೇ ಬ್ಯಾಕ್ಸ್‌ಟರರ ವೃತ್ತಾಂತದ ಆಯ್ದ ಭಾಗಗಳನ್ನೂ ಓದಿಸಬೇಕೆಂಬುದು ನಮ್ಮ ಸಲಹೆ. ಮದುವೆಯಾದ ವಿದ್ಯಾರ್ಥಿಗಳ ಸಂಗಾತಿಗಳನ್ನು ಆ ಚರ್ಚೆಗೆ ಕರೆಯುವುದೂ ಒಳ್ಳೆಯದು, ಕಾಫಿಯ ವ್ಯವಸ್ಥೆಯನ್ನು ಅವರಿಗೆ ವಹಿಸದೆ. ಬ್ಯಾಕ್ಸ್‌ಟರರನ್ನು ಪಶ್ಚಾತ್ತಾಪದ ಸಂತರನ್ನಾಗಿ ಮಾಡುವ ಅಗತ್ಯವಿಲ್ಲ. ಹೆಂಡತಿಯ ಆ ಮಾತನ್ನು ಅಚ್ಚು ಹಾಕಿಸಿದ ಮೇಲೆ ಅವರು ಇನ್ನೂ ಹತ್ತು ವರ್ಷ ಬದುಕಿದರು. ಪುಸ್ತಕ ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.