ಹಳೆಯ ದನಿಯ ಬೇಸರ

ಸ್ವೀಡನ್ನಿನ ‘ರಿಫ್ಯೂಸ್ಡ್’ ತಂಡವು 1998ರಲ್ಲಿ ಹೊರತಂದ ‘ದಿ ಶೇಪ್ ಆಫ್ ಪಂಕ್ ಟು ಕಮ್’ ಎಂಬ ಗೀತಸಂಪುಟದ 12 ಹಾಡುಗಳಿಗೂ ಮೂಲ ಒಂದೇ ಅತೃಪ್ತಿ: ಬಂಡಾಯಕ್ಕೆಂದು ಹುಟ್ಟಿದ ಪಂಕ್ ಸಂಗೀತವೇ ಸಂಪ್ರದಾಯವಾಗಿ ಹೆಪ್ಪುಗಟ್ಟಿತಲ್ಲ ಎಂಬುದು. ಆರ್ನೆಟ್ ಕೋಲ್ಮನ್ನನ 1959ರ ಜಾಸ್ ಕೃತಿಯ ಹೆಸರನ್ನು ಅನುಸರಿಸಿದ್ದು ಬರಿಯ ಠೀವಿಗಲ್ಲ. ಅಬ್ಬರದ ಗಿಟಾರಿನ ನಡುವೆ ಜಾಸ್, ವಿದ್ಯುನ್ಮಾನ ನಾದ, ತಂತಿವಾದ್ಯಗಳು ನುಗ್ಗಿಬರುತ್ತವೆ. ‘ನ್ಯೂ ನಾಯ್ಸ್’ ಹಾಡಿನಲ್ಲಂತೂ ಗಿಟಾರು ಕೇಳುಗನನ್ನು ಬಹಳ ಹೊತ್ತು ಕಾಯಿಸಿ ಆಮೇಲೆ ಸ್ಫೋಟಿಸುತ್ತದೆ; ಹೊಸ ಮಾತಿಗೆ ಹೊಸ ದನಿ ಬೇಕೆಂಬ ವಾದವನ್ನು ಇಲ್ಲಿ ಕಿವಿಯೇ ಒಪ್ಪುತ್ತದೆ. ಕೆಲವೆಡೆ ಹಾಡು ಪ್ರಣಾಳಿಕೆಯಾಗಿ ಒಣಗಿದೆ, ನಿಜ. ಆದರೂ ಆ ಅಸಹನೆ ನಟನೆಯದಲ್ಲ: ಅದೇ ವರ್ಷ ಅಮೆರಿಕದ ಪ್ರವಾಸದಲ್ಲಿ ತಂಡವೇ ಒಡೆಯಿತು. ವರ್ಜೀನಿಯಾದ ನೆಲಮಾಳಿಗೆಯೊಂದರಲ್ಲಿ ನಡೆದ ಅಂದಿನ ಕೊನೆಯ ಕಚೇರಿಯನ್ನು ಪೊಲೀಸರು ಅರ್ಧಕ್ಕೇ ನಿಲ್ಲಿಸಿದರು. 2012ರಲ್ಲಿ ಮತ್ತೆ ವೇದಿಕೆಯೇರಿದಾಗ ಅವರು ಮುಖ್ಯವಾಗಿ ನುಡಿಸಿದ್ದು ಇದೇ ಹಳೆಯ ಹಾಡುಗಳನ್ನು.