ವೀಡಿಯೋ ಆಟಗಳ ವಿಮರ್ಶೆ: ಅಂಕವೂ ವಿವೇಚನೆಯೂ

ಹೊಸದೊಂದು ಕಲಾಪ್ರಕಾರವು ಲೋಕದಲ್ಲಿ ಬಳಕೆಗೆ ಬಂದಾಗಲೆಲ್ಲ ಎರಡು ಪ್ರಶ್ನೆಗಳು ಜೊತೆಯಾಗಿಯೇ ಹುಟ್ಟುತ್ತವೆ. ಅದು ಕಲೆಯೇ, ಅಲ್ಲವೇ ಎಂಬುದು ಮೊದಲನೆಯದು. ಅದರ ಗುಣದೋಷಗಳನ್ನು ನಿರ್ಣಯಿಸುವ ಕ್ರಮವಾವುದು ಎಂಬುದು ಎರಡನೆಯದು. ವೀಡಿಯೋ ಆಟಗಳ ವಿಷಯದಲ್ಲಿ ಮೊದಲನೆಯ ಪ್ರಶ್ನೆಯನ್ನು ಕುರಿತು ವಿಪುಲವಾದ ಚರ್ಚೆ ನಡೆದಿದೆ. ಎರಡನೆಯದಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಆದರೆ ಕೃತಿಯ ಅಂತರಂಗವನ್ನು ಬಿಡಿಸಿ ತೋರಿಸಬಲ್ಲ ವಿಮರ್ಶೆಯು ಇಲ್ಲದಿದ್ದಲ್ಲಿ ಅದು ಕಲೆಯೆಂದು ಸಾಧಿಸುವುದೂ ಅಲ್ಲವೆಂದು ನಿರಾಕರಿಸುವುದೂ ಸಮಾನವಾಗಿ ನಿರಾಧಾರವಾಗುತ್ತವೆ. ಆದುದರಿಂದ ಎರಡನೆಯ ಪ್ರಶ್ನೆಯಿಂದಲೇ ಪ್ರಾರಂಭಿಸುವುದು ಯುಕ್ತ.

ಈ ಆಟಗಳನ್ನು ಕುರಿತ ಬರವಣಿಗೆಯು ವಿದ್ವತ್ಸಭೆಯಲ್ಲಿ ಹುಟ್ಟಿದುದಲ್ಲ; ಅಂಗಡಿಯ ನೆರಳಿನಲ್ಲಿ ಹುಟ್ಟಿದುದು. 1972ರಲ್ಲಿ ‘ಪಾಂಗ್’ ಎಂಬ ಆಟವು ಜನಪ್ರಿಯವಾಗಿ, ಮುಂದಿನ ವರ್ಷಗಳಲ್ಲಿ ಆಟದ ಯಂತ್ರಗಳು ಮನೆಮನೆಗೆ ಬಂದ ಮೇಲೆ, 1981ರಲ್ಲಿ ಅಮೆರಿಕದಲ್ಲಿ ‘ಎಲೆಕ್ಟ್ರಾನಿಕ್ ಗೇಮ್ಸ್’ ಎಂಬ ಪತ್ರಿಕೆ ಹೊರಟಿತು. 1986ರಲ್ಲಿ ಜಪಾನಿನಲ್ಲಿ ‘ಫಾಮಿತ್ಸು’ ಪ್ರಾರಂಭವಾಯಿತು. ಇಂತಹ ಪತ್ರಿಕೆಗಳ ವಾಚಕನು ಮುಖ್ಯವಾಗಿ ಕೇಳುತ್ತಿದ್ದ ಪ್ರಶ್ನೆಯೆಂದರೆ, ಈ ಆಟವು ಕೊಟ್ಟ ಹಣಕ್ಕೆ ತಕ್ಕುದೇ ಎಂಬುದು. ಅದಕ್ಕೆ ಉತ್ತರವಾಗಿ ಅಂಕಪದ್ಧತಿಯು ನೆಲೆಗೊಂಡಿತು. ‘ಫಾಮಿತ್ಸು’ವಿನಲ್ಲಿ ನಾಲ್ವರು ವಿಮರ್ಶಕರು ತಲಾ 10ರಂತೆ ಒಟ್ಟು 40 ಅಂಕಗಳಿಗೆ ಬೆಲೆಕಟ್ಟುವರು. ಪೂರ್ಣ 40 ಅಂಕಗಳು ಮೊಟ್ಟಮೊದಲು ದೊರೆತುದು 1998ರಲ್ಲಿ, ‘ದಿ ಲೆಜೆಂಡ್ ಆಫ್ ಜೆಲ್ಡಾ: ಆಕರಿನಾ ಆಫ್ ಟೈಮ್’ ಎಂಬ ಆಟಕ್ಕೆ.

ಅಂಕವನ್ನು ಸರ್ವಥಾ ನಿಂದಿಸುವುದು ನ್ಯಾಯವಲ್ಲ. ದುಬಾರಿಯಾದ ಸರಕನ್ನು ಕೊಳ್ಳುವವನಿಗೆ ಎಚ್ಚರಿಕೆಯ ಮಾತೊಂದು ಬೇಕು. ಅದು ಚಿಕ್ಕದಾಗಿದ್ದಷ್ಟೂ ಅನುಕೂಲ. ಇಂಗ್ಲೆಂಡಿನ ‘ಯೂರೋಗೇಮರ್’ 2015ರಲ್ಲಿ ಅಂಕಗಳನ್ನು ಕೈಬಿಟ್ಟು, 2023ರಲ್ಲಿ ಐದು ನಕ್ಷತ್ರಗಳ ರೂಪದಲ್ಲಿ ಅವನ್ನು ಮತ್ತೆ ತಂದುಕೊಂಡುದು ಈ ಅಗತ್ಯದ ಬಲವನ್ನು ತೋರಿಸುತ್ತದೆ. ದೋಷವಿರುವುದು ಅಂಕವನ್ನು ಕೊಡುವುದರಲ್ಲಲ್ಲ, ಅಂಕವೇ ವಿಮರ್ಶೆಯೆಂದು ಭಾವಿಸುವುದರಲ್ಲಿ.

ಈ ಭ್ರಾಂತಿಯ ಫಲವು ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ ಎರಡು ನಿದರ್ಶನಗಳು ಸಾಕು. 2001ರಲ್ಲಿ ಸ್ಥಾಪಿತವಾದ ‘ಮೆಟಾಕ್ರಿಟಿಕ್’ ಎಂಬ ಸಂಸ್ಥೆಯು ಬೇರೆ ಬೇರೆ ಪತ್ರಿಕೆಗಳ ಅಂಕಗಳನ್ನು ಒಟ್ಟುಗೂಡಿಸಿ 100ಕ್ಕೆ ಇಷ್ಟು ಎಂಬ ಸರಾಸರಿಯನ್ನು ಪ್ರಕಟಿಸುತ್ತದೆ. ಯಾವ ಪತ್ರಿಕೆಯ ಮಾತಿಗೆ ಎಷ್ಟು ತೂಕವೆಂಬುದನ್ನು ಅದು ಹೊರಗೆಡಹುವುದಿಲ್ಲ. 2010ರಲ್ಲಿ ಹೊರಬಂದ ‘ಫಾಲೌಟ್: ನ್ಯೂ ವೇಗಸ್’ ಎಂಬ ಆಟವನ್ನು ರಚಿಸಿದ ‘ಆಬ್ಸಿಡಿಯನ್’ ಸಂಸ್ಥೆಗೆ, ಈ ಸರಾಸರಿಯು 85 ಮುಟ್ಟಿದರೆ ಹೆಚ್ಚಿನ ಸಂಭಾವನೆ ಸಲ್ಲಬೇಕೆಂಬ ಕರಾರಿತ್ತು, ಬಂದುದು 84. ಈ ಸಂಗತಿಯನ್ನು ಆಗ ಆ ಸಂಸ್ಥೆಯ ಪ್ರಮುಖರಲ್ಲೊಬ್ಬರಾಗಿದ್ದ ಕ್ರಿಸ್ ಅವೆಲೋನ್ 2012ರಲ್ಲಿ ತಿಳಿಸಿದರು. ಒಬ್ಬೊಬ್ಬ ವಿಮರ್ಶಕನು ತನ್ನ ಅಭಿರುಚಿಗೆ ಅನುಸಾರವಾಗಿ ಹಾಕಿದ ಅಂಕವು, ಅವನಿಗೆ ಅರಿವಿಲ್ಲದೆಯೇ, ಮತ್ತೊಬ್ಬರ ಜೀವನೋಪಾಯದ ಲೆಕ್ಕವಾಗಿ ಪರಿಣಮಿಸಿತು.

ಎರಡನೆಯ ನಿದರ್ಶನವು ವಿಮರ್ಶಕನ ಸ್ವಾತಂತ್ರ್ಯಕ್ಕೆ ಸಂಬಂಧಿಸಿದುದು. 2007ರ ನವೆಂಬರಿನಲ್ಲಿ ‘ಗೇಮ್‌ಸ್ಪಾಟ್’ ಎಂಬ ಪ್ರಕಟಣೆಯ ಸಂಪಾದಕರಾಗಿದ್ದ ಜೆಫ್ ಗರ್ಸ್ಟ್‌ಮನ್ ಅವರು ಕೆಲಸದಿಂದ ತೆಗೆಯಲ್ಪಟ್ಟರು. ಅದಕ್ಕೆ ಸ್ವಲ್ಪ ಮುಂಚೆ ಅವರು ‘ಕೇನ್ ಅಂಡ್ ಲಿಂಚ್’ ಎಂಬ ಆಟಕ್ಕೆ 10ರಲ್ಲಿ 6 ಅಂಕಗಳನ್ನಿತ್ತಿದ್ದರು. ಅದೇ ಆಟದ ಜಾಹೀರಾತುಗಳು ಆ ಪ್ರಕಟಣೆಯಲ್ಲಿ ತುಂಬಿದ್ದವು. ಜಾಹೀರಾತುದಾರರ ಒತ್ತಡವು ಇದಕ್ಕೆ ಕಾರಣವಲ್ಲವೆಂದು ಅಂದು ಆಡಳಿತದವರು ಹೇಳಿದರು. 2012ರಲ್ಲಿ ಗರ್ಸ್ಟ್‌ಮನ್ ಅವರು, ಪ್ರಕಾಶಕರ ಒತ್ತಡವನ್ನು ಆಡಳಿತವು ತಾಳಲಾರದೆ ಹೋಯಿತೆಂದು ವಿವರಿಸಿದರು. ಯಾರ ಗುಣದೋಷಗಳನ್ನು ಎಣಿಸಬೇಕೋ ಅವರ ಹಣದಿಂದಲೇ ನಡೆಯುವ ಪತ್ರಿಕೆಯಲ್ಲಿ ವಿಮರ್ಶೆಯು ಎಷ್ಟು ನಿಶ್ಚಿಂತೆಯಿಂದ ಉಸಿರಾಡೀತೆಂಬುದು ಈ ಪ್ರಸಂಗದಿಂದ ಏಳುವ ಪ್ರಶ್ನೆ.

ಇನ್ನು ಕಲೆಯ ಪ್ರಶ್ನೆ. ಇಲ್ಲಿ ಪೂರ್ವಪಕ್ಷವನ್ನು ಅತ್ಯಂತ ಸ್ಪಷ್ಟವಾಗಿ ಮಂಡಿಸಿದವರು ಚಲನಚಿತ್ರ ವಿಮರ್ಶಕರಾದ ರೋಜರ್ ಈಬರ್ಟ್. 2005ರಲ್ಲಿಯೂ 2010ರ ಏಪ್ರಿಲಿನಲ್ಲಿಯೂ ಅವರು ಹೇಳಿದುದರ ಸಾರಾಂಶ ಹೀಗಿದೆ: ಕಾವ್ಯ, ಚಲನಚಿತ್ರಗಳಲ್ಲಿ ಕರ್ತೃವಿನ ಅಧೀನವಾದ ಕ್ರಮವೊಂದುಂಟು; ಆಟದಲ್ಲಿ ಆಯ್ಕೆಯು ಆಟಗಾರನ ಕೈಗೆ ಹೋಗುತ್ತದೆ. ಮೇಲಾಗಿ ಆಟಕ್ಕೆ ನಿಯಮವಿದೆ, ಗುರಿಯಿದೆ, ಗೆಲುವಿದೆ; ಕಲೆಯನ್ನು ಗೆಲ್ಲುವುದೆಂಬುದಿಲ್ಲ, ಅನುಭವಿಸುವುದೊಂದೇ ಉಂಟು. ಅದೇ ವರ್ಷದ ಜುಲೈಯಲ್ಲಿ, ತಾವು ಆಡಿ ನೋಡದ ವಸ್ತುವನ್ನು ಕುರಿತು ಅಭಿಪ್ರಾಯವಿತ್ತುದು ಸರಿಯಲ್ಲವೆಂದು ಅವರೇ ಒಪ್ಪಿಕೊಂಡುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಆದರೆ ವಾದಿಯು ಹಿಂದೆಗೆದ ಮಾತ್ರಕ್ಕೆ ವಾದವು ಬಿದ್ದುಹೋಗುವುದಿಲ್ಲ. ಅದಕ್ಕೆ ಸಮಾಧಾನವನ್ನು ಹೇಳಲೇಬೇಕು.

ಗೆಲುವಿನ ಮಾತನ್ನು ಮೊದಲು ಪರಿಶೀಲಿಸಬಹುದು. 1984ರಲ್ಲಿ ಮಾಸ್ಕೋ ನಗರದಲ್ಲಿ ಅಲೆಕ್ಸಿ ಪಜಿಟ್ನೋವ್ ಅವರು ರಚಿಸಿದ ‘ಟೆಟ್ರಿಸ್’ ಎಂಬ ಆಟದ ಮೂಲನಿಯಮಗಳಲ್ಲಿ ಅಂತಿಮ ವಿಜಯವೆಂಬುದೇ ಇಲ್ಲ. ಬೀಳುವ ತುಂಡುಗಳನ್ನು ಎಷ್ಟು ಜಾಣತನದಿಂದ ಜೋಡಿಸಿದರೂ ಕೊನೆಗೆ ರಾಶಿಯು ಮೇಲೇರುವುದು. ಸೋಲನ್ನು ಮುಂದೂಡುವುದೇ ಆಟ. ಜೇಸನ್ ರೋರರ್ ಅವರ ‘ಪ್ಯಾಸೇಜ್’ (2007) ಎಂಬ ಐದು ನಿಮಿಷದ ಆಟದಲ್ಲಿ ನಾಯಕನು ನಡೆಯುತ್ತ ನಡೆಯುತ್ತ ಮುದುಕನಾಗಿ ಸಾಯುತ್ತಾನೆ. ಸಂಗಾತಿಯನ್ನು ಕೂಡಿಕೊಂಡರೆ ಕೆಲವು ಇಕ್ಕಟ್ಟಿನ ದಾರಿಗಳು ಮುಚ್ಚಿಹೋಗುತ್ತವೆ. ಈ ನಿಯಮವೇ ಇಲ್ಲಿ ಅರ್ಥದ ವಾಹಕ.

ಕರ್ತೃತ್ವದ ಆಕ್ಷೇಪಕ್ಕೆ ಲೂಕಸ್ ಪೋಪ್ ಅವರ ‘ಪೇಪರ್ಸ್, ಪ್ಲೀಸ್’ (2013) ತಕ್ಕ ಉತ್ತರವನ್ನೀಯುತ್ತದೆ. ಆಟಗಾರನು ಇಲ್ಲಿ ಕಲ್ಪಿತ ರಾಜ್ಯವೊಂದರ ಗಡಿಯಲ್ಲಿ ರಹದಾರಿಗಳನ್ನು ಪರೀಕ್ಷಿಸುವ ಗುಮಾಸ್ತ. ಎಷ್ಟು ಜನರ ಕಾಗದಗಳನ್ನು ಸರಿಯಾಗಿ ನೋಡುವನೋ ಅಷ್ಟು ಕೂಲಿ, ತಪ್ಪಿದರೆ ದಂಡ, ಮನೆಯಲ್ಲಿ ಹಸಿವು, ಚಳಿ, ಕಾಯಿಲೆ. ಕಾಗದವಿಲ್ಲದ ದೀನನನ್ನು ಒಳಗೆ ಬಿಟ್ಟರೆ ಆ ಕರುಣೆಯ ಬೆಲೆಯನ್ನು ತನ್ನ ಸಂಸಾರವು ತೆರಬೇಕಾದೀತು. ಆಯ್ಕೆಯು ಆಟಗಾರನದೇ ಸರಿ. ಆದರೆ ಯಾವ ಆಯ್ಕೆಗೆ ಯಾವ ಬೆಲೆಯೆಂಬುದನ್ನು ಗೊತ್ತುಮಾಡಿದವನು ಕರ್ತೃ. ಕರ್ತೃತ್ವವು ಇಲ್ಲಿ ನಾಶವಾಗಿಲ್ಲ. ವಾಕ್ಯದಿಂದ ನಿಯಮಕ್ಕೆ ಸ್ಥಾನಾಂತರವನ್ನು ಪಡೆದಿದೆ. ಓದುಗನು ಪಾತ್ರದ ಪಾಪವನ್ನು ನೋಡಿ ಮರುಗುವನು. ಆಟಗಾರನು ತನ್ನ ಕೈಯಿಂದಲೇ ಅದನ್ನು ಮಾಡಿ ನಾಚುವನು. ಈ ಭೇದವನ್ನು ಯಾವ ಅಂಕವೂ ಸೂಚಿಸಲಾರದು.

ಭರತನ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ಬಲ್ಲವರಿಗೆ ಈ ಚರ್ಚೆಯು ಅಪರಿಚಿತವೆನಿಸದು. ಅಲ್ಲಿ ಇಂದ್ರಾದಿಗಳು ಬ್ರಹ್ಮನನ್ನು ಬೇಡುವುದು ದೃಶ್ಯವೂ ಶ್ರವ್ಯವೂ ಆದ ‘ಕ್ರೀಡನೀಯಕ’ವನ್ನು, ಎಂದರೆ ಆಟದ ವಸ್ತುವನ್ನು, ದೊರೆಯುವುದು ನಾಟ್ಯವೇದ. ನಾಟ್ಯವೂ ವೀಡಿಯೋ ಆಟವೂ ಒಂದೇ ಎಂದು ಇದರಿಂದ ಸಾಧಿಸಲು ಹೊರಡುವುದು ಸಾಹಸವಾದೀತು. ಆದರೆ ಕ್ರೀಡೆಯೆಂಬ ಕಾರಣದಿಂದಲೇ ಒಂದು ವಸ್ತುವನ್ನು ಕಲೆಯ ಪಂಕ್ತಿಯಿಂದ ಎಬ್ಬಿಸಬೇಕಾಗಿಲ್ಲವೆಂಬಷ್ಟು ಮಾತಿಗೆ ಇದು ಆಧಾರವಾಗುತ್ತದೆ.

ಇಂತಹ ವಿವೇಚನೆಯು ನಡೆದೇ ಇಲ್ಲವೆಂದಲ್ಲ. 1997ರಲ್ಲಿ ಎಸ್ಪೆನ್ ಆರ್ಸೆತ್ ಅವರ ‘ಸೈಬರ್‌ಟೆಕ್ಸ್ಟ್’ ಪ್ರಕಟವಾಯಿತು. 2001ರಲ್ಲಿ ‘ಗೇಮ್ ಸ್ಟಡೀಸ್’ ಎಂಬ ವಿದ್ವತ್ಪತ್ರಿಕೆ ಪ್ರಾರಂಭವಾಯಿತು. 2007ರಲ್ಲಿ ಕ್ಲಿಂಟ್ ಹಾಕಿಂಗ್ ಅವರು ‘ಬಯೋಶಾಕ್’ ಎಂಬ ಆಟವನ್ನು ಪರೀಕ್ಷಿಸುತ್ತ, ಅದರ ನಿಯಮಗಳು ಸ್ವಾರ್ಥಕ್ಕೆ ಎಡೆಗೊಡುತ್ತಿದ್ದರೆ ಕಥೆಯು ಮತ್ತೊಬ್ಬನಿಗೆ ನೆರವಾಗುವಂತೆ ಬಲಾತ್ಕರಿಸುವುದೆಂದು ತೋರಿಸಿದರು. ಹೇಳುವುದೊಂದು, ಮಾಡಿಸುವುದೊಂದು ಎಂಬ ಈ ದೋಷವು ಆಟಗಳಿಗೆ ವಿಶಿಷ್ಟವಾದುದು; ಕಾವ್ಯಮೀಮಾಂಸೆಯ ದೋಷಪ್ರಕರಣಕ್ಕೆ ಹೊಸದಾಗಿ ಸೇರಿಸಬೇಕಾದುದು.

ಈ ಕಾರ್ಯವನ್ನು ಮುಂದಕ್ಕೆ ಹಾಕುವಂತಿಲ್ಲ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಹೊರಬಂದ ಆಟಗಳಲ್ಲಿ ಶೇಕಡ 87ರಷ್ಟು ಮಾರಾಟದಲ್ಲಿ ದೊರೆಯುತ್ತಿರಲಿಲ್ಲವೆಂದು ‘ವೀಡಿಯೋ ಗೇಮ್ ಹಿಸ್ಟರಿ ಫೌಂಡೇಶನ್’ 2023ರಲ್ಲಿ ವರದಿ ಮಾಡಿತು. 1991ರಿಂದ ನಡೆದುಬಂದಿದ್ದ ‘ಗೇಮ್ ಇನ್ಫಾರ್ಮರ್’ ಪತ್ರಿಕೆಯನ್ನು 2024ರ ಆಗಸ್ಟಿನಲ್ಲಿ ಅದರ ಒಡೆಯರು ನಿಲ್ಲಿಸಿದಾಗ, ಅದರ ಜಾಲತಾಣದಲ್ಲಿದ್ದ ಲೇಖನಗಳೂ ಕಣ್ಮರೆಯಾದವು. 2025ರ ಮಾರ್ಚಿಯಲ್ಲಿ ಹೊಸ ಒಡೆಯರ ಕೈಯಲ್ಲಿ ಅವು ಮರಳಿ ಬಂದುದು ಸುದೈವ. ಓಲೆಗರಿಗಳ ನಷ್ಟಕ್ಕೆ ಗೆದ್ದಲು ಶತಮಾನಗಳನ್ನು ತೆಗೆದುಕೊಂಡಿತು. ಇಲ್ಲಿ ಒಂದು ದಿನ ಸಾಕಾಯಿತು.

ಆಟವು ಲುಪ್ತವಾದ ಮೇಲೆ ‘100ಕ್ಕೆ 84’ ಎಂಬ ಸಂಖ್ಯೆಯಿಂದ ಮುಂದಿನವರಿಗೆ ಏನೂ ತಿಳಿಯದು. ನಿಯಮಗಳೇನಿದ್ದುವು, ಅವು ಆಟಗಾರನಿಂದ ಏನನ್ನು ಮಾಡಿಸಿದುವು, ಮಾಡಿದವನ ಮನಸ್ಸಿನಲ್ಲಿ ಯಾವ ಭಾವವು ನೆಲೆಸಿತು ಎಂಬ ಮೂರನ್ನು ಬರೆದಿಟ್ಟ ವಿಮರ್ಶೆಯೊಂದೇ ಉಳಿದವರಿಗೆ ಆಧಾರವಾಗುವುದು. ಅಂಕವು ಕೊಳ್ಳುವವನಿಗೆ ಒಂದು ವಾರದ ಉಪಕಾರ. ವಿವೇಚನೆಯು ಕೃತಿಗೂ ಕಾಲಕ್ಕೂ ಸಲ್ಲಬೇಕಾದ ಋಣ.